ಉನ್ಮಾದದ ಔಷಧಗಳೂ ಅಂತಃಸ್ರಾವಗಳೂ

ಉಜಿರೆಯ ಮೂಡಲಿಗೆ ಎದ್ದು ನಿಂತಿರುವ ಪಶ್ಚಿಮ ಘಟ್ಟದ ಬುಡದ ಅಡವಿಗಳು ಸರ್ಪಗಂಧಿಯಂತಹ ಮೂಲಿಕೆಗಳಿಗೆ ತವರು. ಕನ್ನಡದಲ್ಲಿ ಸೂತ್ರನಾಭಿಯೆಂದೂ ಕರೆಯಲ್ಪಡುವ ಈ ಗಿಡದ ಬೇರನ್ನು ಹಾವಿನ ವಿಷಕ್ಕೂ ನಿದ್ರಾನಾಶಕ್ಕೂ ಉನ್ಮಾದಕ್ಕೂ ನಾಡವೈದ್ಯರು ಬಹುಕಾಲದಿಂದ ಬಳಸುತ್ತ ಬಂದರು. ಆದರೆ ಪ್ರಾಚೀನ ಸಂಹಿತೆಗಳಲ್ಲಿ ಈ ಹೆಸರು ಕಂಡಲ್ಲೆಲ್ಲ ಇದೇ ಗಿಡವೆಂದು ನಿರ್ಧರಿಸುವುದು ಸಾಹಸವೇ ಸರಿ. ಇದರ ಲ್ಯಾಟಿನ್ ನಾಮಧೇಯವಾದ 'ರೌವೋಲ್ಫಿಯಾ'ವಾದರೋ, ನಮ್ಮ ದೇಶಕ್ಕೆ ಎಂದೂ ಕಾಲಿಡದ 16ನೆಯ ಶತಮಾನದ ಜರ್ಮನ್ ವೈದ್ಯನೊಬ್ಬನ ಸ್ಮಾರಕ!

ಕ್ರಿ. ಶ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನರೂ ಕಾರ್ತಿಕಚಂದ್ರ ಬೋಸರೂ ಈ ಬೇರು ಉನ್ಮಾದವನ್ನೂ ರಕ್ತದೊತ್ತಡವನ್ನೂ ತಗ್ಗಿಸುವುದೆಂದು ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಸಂಸ್ಥೆಯ ರಸಾಯನಜ್ಞರು ಅದರ ಸತ್ತ್ವವಾದ ರಿಸರ್ಪೈನನ್ನು ಬೇರ್ಪಡಿಸಿದರು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಝೀನ್ ಎಂಬ ಕೃತಕ ಔಷಧವು ಉನ್ಮಾದರೋಗಿಗಳಲ್ಲಿ ಪ್ರಯುಕ್ತವಾಯಿತು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯೊಡನೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1954ರಲ್ಲಿ ತಲೆಯೆತ್ತಿದುದೂ, ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರಾದುದೂ ಈ ಸಂಧಿಕಾಲದಲ್ಲಿಯೇ. 1974ರಲ್ಲಿ ನಿಮ್ಹಾನ್ಸ್ ಆದುದು ಇದೇ ಸಂಸ್ಥೆ.

ಹೊಸ ಔಷಧಗಳಿಂದ ಗದ್ದಲವಡಗಿದ ವಾರ್ಡುಗಳ ವೃತ್ತಾಂತವನ್ನು ಎಲ್ಲರೂ ಬರೆದಿದ್ದಾರೆ. ಅದೇ ದಶಕದಲ್ಲಿ ಕಂಡುಬಂದ ಮತ್ತೊಂದು ಸಂಗತಿಗೆ ಅಷ್ಟು ಗಮನ ದೊರೆಯಲಿಲ್ಲ. ಹೆರದ ಸ್ತ್ರೀಯರ ಎದೆಯಲ್ಲಿ ಹಾಲು ಜಿನುಗಿತು. ಕೆಲವರಿಗೆ ಮುಟ್ಟು ನಿಂತಿತು. ಕೆಲವು ಗಂಡಸರ ಎದೆ ಉಬ್ಬಿತು. ರಿಸರ್ಪೈನ್ ಮತ್ತು ಕ್ಲೋರ್‌ಪ್ರೊಮಝೀನ್ ರಚನೆಯಲ್ಲಿ ಪರಸ್ಪರ ಭಿನ್ನವಾಗಿದ್ದರೂ ಇಬ್ಬಗೆಯ ರೋಗಿಗಳಲ್ಲಿಯೂ ಒಂದೇ ಲಕ್ಷಣ ತೋರಿದುದೇಕೆ? ಮೊದಲನೆಯದು ಮಿದುಳಿನ ಡೋಪಮೀನ್ ದಾಸ್ತಾನನ್ನು ಬರಿದು ಮಾಡುತ್ತದೆ. ಎರಡನೆಯದು ಡೋಪಮೀನ್ ಬಂದು ಸೇರುವ ನೆಲೆಯನ್ನು ಮುಚ್ಚುತ್ತದೆ. ಪಿಟ್ಯುಟರಿ ಗ್ರಂಥಿಯಿಂದ ಹೊರಡುವ ಪ್ರೊಲ್ಯಾಕ್ಟಿನ್ ಎಂಬ ಸ್ರಾವವನ್ನು ಕಟ್ಟಿಹಿಡಿದಿರುವುದೂ ಆ ಡೋಪಮೀನೇ. ಕಟ್ಟು ಸಡಿಲಿದೊಡನೆ ಸ್ರಾವ ಏರುತ್ತದೆ. ಮನಸ್ಸನ್ನು ಶಮನಗೊಳಿಸಿದ ಕ್ರಿಯೆಯೇ ಎದೆಯಲ್ಲಿ ಹಾಲನ್ನೂ ತರಿಸಿತು. ಹಾಗಾದರೆ ಇದನ್ನು 'ಅಡ್ಡ' ಪರಿಣಾಮವೆನ್ನುವುದು ಎಷ್ಟರಮಟ್ಟಿಗೆ ಸರಿ? ಮಾನವರಲ್ಲಿ ಪ್ರೊಲ್ಯಾಕ್ಟಿನ್ ಪ್ರತ್ಯೇಕ ಸ್ರಾವವೆಂಬುದೇ 1970ರ ಸುಮಾರಿಗೆ ಸ್ಥಿರಪಟ್ಟಿತು. ಅದಕ್ಕೆ ಮೊದಲು ವೈದ್ಯನು ಲಕ್ಷಣವನ್ನು ಕಂಡರೂ ಅಳೆಯಲಾರದವನಾಗಿದ್ದನು.

ಸ್ಕಿಜೋಫ್ರೀನಿಯಾ ಪೀಡಿತರಾಗಿ ಯೌವನದಲ್ಲಿ ಔಷಧ ತೊಡಗಿದವರು ಈಗ ವೃದ್ಧರಾಗಿದ್ದಾರೆ. ಪ್ರೊಲ್ಯಾಕ್ಟಿನ್ ಏರಿದಾಗ ಸ್ತ್ರೀಯರಲ್ಲಿ ಈಸ್ಟ್ರೊಜೆನ್, ಪುರುಷರಲ್ಲಿ ಟೆಸ್ಟೋಸ್ಟಿರೋನ್ ತಗ್ಗುವುದುಂಟು. ಇವೆರಡೂ ಮೂಳೆಯ ಪೋಷಕಗಳು. ಮುಟ್ಟು ನಿಂತ ಮುದುಕಿಯಲ್ಲಿ ಎಚ್ಚರಿಕೆ ನೀಡಬೇಕಾದ ಲಕ್ಷಣವೇ ಇಲ್ಲ; ಮುದುಕನು ಎದೆಯ ಉಬ್ಬನ್ನು ನಾಚಿಕೆಯಿಂದ ಹೇಳುವುದಿಲ್ಲ. ಹತ್ತಾರು ವರ್ಷಗಳಲ್ಲಿ ಸವೆದ ಮೂಳೆ, ಔಷಧದ ಮಂಪರು, ಎದ್ದುನಿಂತಾಗ ಇಳಿಯುವ ರಕ್ತದೊತ್ತಡ ಇವು ಕೂಡಿದಲ್ಲಿ ಒಂದು ಬೀಳುವಿಕೆಯಿಂದ ಸೊಂಟದ ಮೂಳೆ ಮುರಿಯುತ್ತದೆ. ಮನೆಯವರು 'ವಯಸ್ಸಾಯಿತಲ್ಲ' ಎಂದು ಸುಮ್ಮನಾಗುತ್ತಾರೆ. ಕೆಲವರಲ್ಲಿ ಮೂತ್ರವನ್ನು ತಡೆಯುವ ಸ್ರಾವವೂ ಹೆಚ್ಚಿ, ರಕ್ತದ ಉಪ್ಪು ಇಳಿದು ಬುದ್ಧಿ ಕಲಕುತ್ತದೆ. ಇದನ್ನು ಹಳೆಯ ಉನ್ಮಾದವೇ ಮರುಕಳಿಸಿತೆಂದು ತಿಳಿದರೆ ಅನಾಹುತ.

ಆದುದರಿಂದ ವೃದ್ಧರೋಗಿಯ ವಿಷಯದಲ್ಲಿ ಇಂದಿನ ಚೀಟಿಯೊಂದೇ ಸಾಲದು. ಯಾವ ವರ್ಷ ಯಾವ ಔಷಧ, ಎಷ್ಟು ಕಾಲ, ಎಂಬ ಪೂರ್ವಚರಿತ್ರೆ ಬೇಕು. ಶಾಸನಗಳ ಕಾಲನಿರ್ಣಯದಲ್ಲಿ ನಾವು ತೋರುವ ಶ್ರದ್ಧೆಯ ಅರ್ಧಾಂಶವಾದರೂ ಇಲ್ಲಿ ಸಲ್ಲಬೇಕೆಂದು ನನ್ನ ಅಭಿಪ್ರಾಯ. ರಿಸ್ಪೆರಿಡೋನ್, ಅಮಿಸಲ್ಪ್ರೈಡ್ ಎಂಬ ಈಚಿನ ಔಷಧಗಳು ಪ್ರೊಲ್ಯಾಕ್ಟಿನ್ನನ್ನು ಬಹಳವಾಗಿ ಏರಿಸುತ್ತವೆ. ಕ್ಲೋಜಪೀನ್, ಕ್ವೆಟಿಯಪೀನ್ ಅಷ್ಟು ಏರಿಸವು. ಆದರೆ ಇವುಗಳಿಂದ, ವಿಶೇಷವಾಗಿ ಕ್ಲೋಜಪೀನಿನಿಂದ, ಮೈತೂಕವೂ ರಕ್ತದ ಸಕ್ಕರೆಯೂ ಹೆಚ್ಚುವ ಸಂಭವವುಂಟು. 2002ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಅರಿಪಿಪ್ರಜೋಲ್ ಡೋಪಮೀನ್ ನೆಲೆಯನ್ನು ಪೂರ್ಣವಾಗಿ ಮುಚ್ಚದೆ ಅಂಶತಃ ಪ್ರಚೋದಿಸುವುದರಿಂದ ಪ್ರೊಲ್ಯಾಕ್ಟಿನ್ನನ್ನು ಏರಗೊಡದು. ರಕ್ತವನ್ನು ಪರೀಕ್ಷಿಸಿ, ಮೂಳೆಯನ್ನು ಅಳೆದು, ಇಂತಹ ಬದಲಾವಣೆಯನ್ನು ನಿರ್ಣಯಿಸಬೇಕಾದವನು ವೈದ್ಯನು. ರೋಗಿಯಾಗಲಿ ಮನೆಯವರಾಗಲಿ ತಾವಾಗಿಯೇ ಔಷಧ ನಿಲ್ಲಿಸಿದರೆ, ಹಿಂದೆ ಅಡಗಿದ್ದ ರೋಗವೇ ಮತ್ತೆ ಬಾಗಿಲಿಗೆ ಬರುತ್ತದೆ.