ಹೊಸೂರು ರೋಡ್ ಹಿಸ್ಟರಿ, ಭಾಗ 7: ಮಾಮನನ್ನ ಯಾರೂ ಕೇಳದ ಪ್ರಶ್ನೆ

ಚಂದಾಪುರ ಸರ್ಕಲ್‌ನಿಂದ ಸಿಟಿ ಕಡೆ ಹೊರಟರೆ ಇದೇ ಹೊಸೂರು ರೋಡ್ ನಿಮ್ಮನ್ನ ನಿಮ್ಹಾನ್ಸ್ ಗೇಟಿನ ಮುಂದೆ ದಾಟಿಸುತ್ತೆ. "ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು" ಅಂತ ನೀವೂ ಯಾರಿಗಾದ್ರೂ ತಮಾಷೆ ಮಾಡಿರ್ತೀರ. ನಾನೂ ಮಾಡಿದ್ದೆ, ನಮ್ಮ ಮಾಮ ಕುಡಿಯೋಕೆ ಶುರು ಮಾಡೋವರೆಗೆ.

ಮಾಮನ ಕಥೆಗೆ ಆಮೇಲೆ ಬರ್ತೀನಿ. ಮೊದಲು 1981.

ಆ ವರ್ಷ ಫೆಬ್ರವರಿ 7ರಂದು ಬೆಂಗಳೂರಲ್ಲಿ ವೀನಸ್ ಸರ್ಕಸ್ ಟೆಂಟಿಗೆ ಬೆಂಕಿ ಬಿತ್ತು. 90ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಮಕ್ಕಳು. ನಿಮ್ಹಾನ್ಸ್‌ನವರು ಮಕ್ಕಳನ್ನ ಕಳಕೊಂಡ ಮನೆಯವರನ್ನ ಮಾತಾಡಿಸಿ ಅವರ ದುಃಖವನ್ನ ಅಧ್ಯಯನ ಮಾಡಿದರು. ದುರಂತ ಆದ ಮೇಲೆ ಮನಸ್ಸಿಗೆ ಏನಾಗುತ್ತೆ ಅಂತ ನಮ್ಮ ದೇಶದಲ್ಲಿ ನೋಡಿದ ಮೊದಮೊದಲ ಕೆಲಸಗಳಲ್ಲಿ ಅದೂ ಒಂದು. ಅದೇ ವರ್ಷ ಜುಲೈನಲ್ಲಿ ಮೆಥನಾಲ್ ಬೆರೆತ ಸಾರಾಯಿ ಕುಡಿದು ಇದೇ ಊರಲ್ಲಿ 300ಕ್ಕೂ ಹೆಚ್ಚು ಜನ ಹೋದರು. ಸರ್ಕಸ್ಸಿನ ಮಕ್ಕಳಿಗೆ ನಾವು ಅಯ್ಯೋ ಅಂತೀವಿ. ಕುಡಿದು ಸತ್ತವರಿಗೆ? "ಮಾಡಿದ್ದುಣ್ಣೋ ಮಹರಾಯ."

2007ರ ಜುಲೈನಲ್ಲಿ ಸರ್ಕಾರ ಸಾರಾಯಿಯನ್ನೇ ನಿಷೇಧಿಸಿತು. ಒಂದು ವರ್ಷ ತುಂಬೋ ಮೊದಲೇ, 2008ರ ಮೇನಲ್ಲಿ, ಕರ್ನಾಟಕ ಮತ್ತು ಗಡಿಯಾಚೆ ಕೃಷ್ಣಗಿರಿ ಕಡೆ ಕಳ್ಳಭಟ್ಟಿಗೆ ಮತ್ತೆ ನೂರಕ್ಕೂ ಹೆಚ್ಚು ಜನ ಬಲಿ. ಅಂಗಡಿ ಮುಚ್ಚಿದ್ರೂ ಕುಡಿಯೋ ಕಾರಣ ಮುಚ್ಚಿರಲಿಲ್ಲ ಅಂತ ನನಗನಿಸುತ್ತೆ.

ಆ ಕಾರಣವನ್ನ ಡಾಕ್ಟರುಗಳು ಹುಡುಕಿದ್ದೂ ತಡವಾಗೇ. ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದ ಸೈನಿಕರ ಕೆಟ್ಟ ಕನಸು, ಬೆಚ್ಚಿಬೀಳೋದು, ಇದಕ್ಕೆಲ್ಲ ಅಮೆರಿಕದ ಮನೋವೈದ್ಯರು ಪಿಟಿಎಸ್‌ಡಿ ಅಂತ ಹೆಸರು ಕೊಟ್ಟಿದ್ದು 1980ರಲ್ಲಿ. 1985ರಲ್ಲಿ ಎಡ್ವರ್ಡ್ ಖಾಂಟ್ಸಿಯನ್ ಅನ್ನೋ ವೈದ್ಯರು, ಜನ ಮೋಜಿಗಿಂತ ಹೆಚ್ಚಾಗಿ ತಡೆಯಲಾಗದ ನೋವಿಗೆ ಔಷಧಿ ಥರ ನಶೆ ಮಾಡ್ತಾರೆ ಅಂತ ಬರೆದರು. ಆದ್ರೂ ಎಷ್ಟೋ ಕಡೆ ಕುಡಿತಕ್ಕೊಂದು ಬಾಗಿಲು, ಮನಸ್ಸಿಗೆ ಇನ್ನೊಂದು. ಇಲ್ಲಿಗೆ ಹೋದ್ರೆ "ಮೊದಲು ಡಿಪ್ರೆಶನ್ ತೋರಿಸಿ", ಅಲ್ಲಿಗೆ ಹೋದ್ರೆ "ಮೊದಲು ಕುಡಿಯೋದು ಬಿಟ್ಟು ಬನ್ನಿ".

ಈಗ ಮಾಮ. ಕೈಗಾರಿಕಾ ಪ್ರದೇಶದ ಒಂದು ಪ್ರೆಸ್ ಶಾಪ್‌ನಲ್ಲಿ ಆಪರೇಟರ್. ಪಕ್ಕದ ಮೆಷಿನ್‌ನಲ್ಲಿದ್ದ ಹುಡುಗನ ಕೈ ಹೋಗಿದ್ದನ್ನ ಕಣ್ಣಾರೆ ನೋಡಿದ್ರು. ಮೆಷಿನ್ ತೊಳೆದು ಮಾರನೇ ದಿನ ಶಿಫ್ಟ್ ನಡೀತು. ಅವತ್ತಿಂದ ನಿದ್ದೆ ಇಲ್ಲ, ನಿದ್ದೆಗೆ ಕ್ವಾರ್ಟರ್. ಎರಡು ಸಲ ಡಿ-ಅಡಿಕ್ಷನ್ ಸೆಂಟರ್‌ಗೆ ಸೇರಿಸಿದ್ವಿ. ದುಡ್ಡು ಹೊಂದಿಸೋಕೆ ಅಮ್ಮ ಬಳೆ ಅಡ ಇಟ್ಟರು. ಪ್ರತಿ ಸಲ ಬಂದ ಮೂರ್ನಾಲ್ಕು ವಾರಕ್ಕೆ ಮತ್ತೆ ಶುರು. "ಮನಸ್ಸು ಗಟ್ಟಿ ಇಲ್ಲ" ಅಂದ್ವಿ. ನಿಜ ಏನಂದ್ರೆ ಕುಡಿತ ನಿಂತಾಗ ಅದು ಮುಚ್ಚಿಟ್ಟಿದ್ದೆಲ್ಲ ಎದ್ದು ಬರುತ್ತೆ. ಕನಸು, ಸದ್ದು, ಬೆವರು. ಕುಡಿತ ಬಿಟ್ಟ ಮೊದಲ ವಾರಗಳೇ ಅಂಥವರಿಗೆ ತುಂಬಾ ಕಷ್ಟದ ವಾರಗಳು.

ಮೂರನೇ ಸಲ ಒಬ್ಬ ಡಾಕ್ಟರ್ ಮೇಡಂ ಎಷ್ಟು ಕುಡೀತೀರ ಅಂತ ಕೇಳೋ ಮೊದಲು, "ಶುರು ಆಗೋಕೆ ಮುಂಚೆ ಏನಾಯ್ತು ಅಣ್ಣ?" ಅಂದ್ರು. ಮಾಮ ಹತ್ತು ನಿಮಿಷ ಸುಮ್ನಿದ್ರು. ಅವರು ಒತ್ತಾಯ ಮಾಡ್ಲಿಲ್ಲ. ಕುಡಿತಕ್ಕೂ ನಿದ್ದೆಗೂ ಭಯಕ್ಕೂ ಒಂದೇ ಟೇಬಲ್‌ನಲ್ಲಿ ಚಿಕಿತ್ಸೆ ಶುರುವಾಯ್ತು. ಲಿಸಾ ನಜಾವಿಟ್ಸ್ ಅನ್ನೋ ಮನಶ್ಶಾಸ್ತ್ರಜ್ಞೆ ರೂಪಿಸಿದ ವಿಧಾನದಲ್ಲೂ ಹೀಗೇ ಅಂತೆ. ಹಳೇದನ್ನೆಲ್ಲ ಕೆದಕೋದಕ್ಕಿಂತ ಮೊದಲು ಇವತ್ತಿನ ದಿನ ಸುರಕ್ಷಿತವಾಗಿ ಕಳೆಯೋದು ಕಲಿಸ್ತಾರೆ.

ಗೊತ್ತಾ, ನಮ್ಮ ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಹಳ್ಳಿ ಜನರಿಗಾಗಿ ನಿಮ್ಹಾನ್ಸ್ 1970ರ ದಶಕದಲ್ಲೇ ಕೇಂದ್ರ ತೆರೆದಿತ್ತು. ಇಷ್ಟು ಹತ್ರ ಇದ್ರೂ ನಮ್ಮನೇಲಿ ಯಾರಿಗೂ ಗೊತ್ತಿರಲಿಲ್ಲ.

ಮಾಮನಿಗೆ ಈಗ ಹನ್ನೊಂದು ತಿಂಗಳು. ಮಧ್ಯೆ ಎರಡು ಸಲ ಜಾರಿದ್ರು, ಎರಡೂ ಸಲ ತಾವೇ ಆಸ್ಪತ್ರೆಗೆ ಹೋದ್ರು. ಮಿಕ್ಸಿ ಸದ್ದಿಗೆ ಈಗಲೂ ಎದ್ದು ಹೊರಗೆ ಹೋಗ್ತಾರೆ. ಅಮ್ಮ ಈಗ ಚಟ್ನಿ ಮಾಡೋ ಮುಂಚೆ ಅವರಿಗೆ ಹೇಳ್ತಾರೆ.

ನಿಮ್ಮನೇಲೂ ಹೀಗಿದ್ರೆ 14416, ಟೆಲಿ ಮಾನಸ್. ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.