ಕೇಳಿಯ ಕರೆ, ಮೊದಲ ಜಾವದ ಹಾಡು

ಸಂಸ್ಕೃತದಲ್ಲಿ ‘ಕೇಳಿ’ ಎಂದರೆ ಕ್ರೀಡೆ, ವಿನೋದ. ಕನ್ನಡದಲ್ಲಿಯಾದರೋ ಅದೇ ಎರಡಕ್ಷರವು ಕಿವಿಗೊಡಿರೆಂದು ಹತ್ತು ಮಂದಿಯನ್ನು ಬೇಡಿಕೊಳ್ಳುವ ಮಾತು. ಯಕ್ಷಗಾನದ ಮೇಳವೊಂದು ಊರಿಗೆ ಬಂದಿಳಿದು, ಗದ್ದೆಯ ಬಯಲಿನಲ್ಲಿ ರಂಗಸ್ಥಳವನ್ನು ಹೂಡಿ, ಮುಚ್ಚಂಜೆಯ ಹೊತ್ತಿಗೆ ಚೆಂಡೆ ಮದ್ದಳೆಗಳನ್ನು ನುಡಿಸಿ ಈ ರಾತ್ರಿ ಇಲ್ಲಿ ಆಟವುಂಟೆಂದು ಸುತ್ತಣ ಸೀಮೆಗೆ ಸಾರುವ ಪದ್ಧತಿಗೆ ‘ಕೇಳಿ’ ಎಂದೇ ಹೆಸರು. ಪಂಡಿತನಾದವನಿಗೆ ಅದರಲ್ಲಿ ಮೊದಲನೆಯ ಅರ್ಥವೂ, ತೋಟದ ಕೆಲಸ ಮುಗಿಸಿ ಹಳ್ಳದಲ್ಲಿ ಕೈಕಾಲು ತೊಳೆಯುತ್ತಿದ್ದ ರೈತನಿಗೆ ಎರಡನೆಯ ಅರ್ಥವೂ ಹೊಳೆದಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಈ ಮೂರು ತಾಲ್ಲೂಕುಗಳ ನೆಲದ ಬಗೆಯನ್ನು ಕಂಡವರಿಗೆ ಇಂಥ ಕರೆಯ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಬಯಲುಸೀಮೆಯ ಹಳ್ಳಿಯಂತೆ ಮನೆಗೆ ಮನೆ ಒತ್ತಿಕೊಂಡು, ನಡುವೆ ಬೀದಿ, ಬೀದಿಯ ತುದಿಯಲ್ಲಿ ಚಾವಡಿ ಎಂಬ ಏರ್ಪಾಡು ಇಲ್ಲಿಯದಲ್ಲ. ಒಂದು ಗುಡ್ಡದ ಮಗ್ಗುಲಿಗೆ ಒಂದು ಮನೆ, ಅದರ ಕೆಳಗೆ ಅಡಕೆಯ ತೋಟ, ತೋಟದಾಚೆ ಗದ್ದೆಯ ಕೋವು, ಅದನ್ನು ದಾಟಿ ಕಾಡನ್ನೇರಿದರೆ ಇನ್ನೊಂದು ಒಂಟಿ ಮನೆ. ಡಂಗುರದವನು ಮನೆಮನೆಗೂ ನಡೆದು ಸುದ್ದಿ ಮುಟ್ಟಿಸುವಷ್ಟರಲ್ಲಿ ಆಟವೇ ಮುಗಿದು ಮಂಗಳ ಹಾಡಿರುತ್ತಿತ್ತು. ಚೆಂಡೆಯ ದನಿಗಾದರೋ ದಾರಿ ಬೇಕಿಲ್ಲ. ತುಂಗೆಯ ಕಣಿವೆಯಲ್ಲಿ ಹೊರಟ ನಾದವು ಗುಡ್ಡದಿಂದ ಗುಡ್ಡಕ್ಕೆ ತಾಕಿ, ಯಾವ ದಿಕ್ಕಿನ ಯಾವ ಬಯಲಿನಲ್ಲಿ ಆಟವೆಂಬುದನ್ನು ಕೂಡ ತಿಳಿಸಿಬಿಡುವುದು. ಕೇಳಿದವರು ಉಂಡು, ಕಂಬಳಿ ಹೊದ್ದು, ಸೂಡಿ ಹೊತ್ತಿಸಿಕೊಂಡು, ಮಕ್ಕಳ ಕೈ ಹಿಡಿದು ಹೊರಡುವರು. ಪ್ರಚಾರವೆಂಬುದು ಕಲೆಯಿಂದ ಬೇರೆಯಾದ ಉದ್ಯೋಗವಾಗಿರದೆ, ಕಲೆಯ ಮೊದಲ ನುಡಿಯೇ ಆಗಿದ್ದ ಕಾಲವದು.

ಆ ಮೇಳಗಳು ಬರುತ್ತಿದ್ದುದು ಬಹುಮಟ್ಟಿಗೆ ಕರಾವಳಿಯಿಂದ. ದೀಪಾವಳಿಯ ತರುವಾಯ ತಿರುಗಾಟಕ್ಕೆ ಹೊರಟು ಮುಂಗಾರಿನ ಮುನ್ನ ಗೆಜ್ಜೆ ಬಿಚ್ಚುವ ಈ ತಂಡಗಳಿಗೆ ‘ಘಟ್ಟದ ಮೇಲಿನ’ ಊರುಗಳು ಪರಸ್ಥಳವಾಗಿರಲಿಲ್ಲ. ಕರಾವಳಿಯ ಮಂದಾರ್ತಿಯ ದುರ್ಗಾಪರಮೇಶ್ವರಿಗೆ ನಡೆದುಕೊಳ್ಳುವ ಮಲೆನಾಡಿನ ಒಕ್ಕಲುಗಳು ಅನೇಕವಾಗಿದ್ದು, ಬೇನೆ ವಾಸಿಯಾದರೆ, ಸಂತಾನವಾದರೆ, ಬೆಳೆ ಕೈಗೆ ಹತ್ತಿದರೆ ಒಂದು ಆಟವಾಡಿಸುತ್ತೇನೆಂದು ಹರಕೆ ಹೊರುವುದು ಅವರಲ್ಲಿ ನಡೆದುಬಂದ ವಾಡಿಕೆ. ಹರಕೆಯವನು ಮೇಳಕ್ಕೆ ವೀಳ್ಯ ಕೊಟ್ಟನೆಂದರೆ ಒಪ್ಪಂದವು ಮುಗಿಯಿತು. ನೋಡಬಂದವರಿಗೆ ಟಿಕೀಟಿಲ್ಲ, ಕರೆಯದೆ ಬಂದವರೆಂಬ ಭೇದವೂ ಇಲ್ಲ. ಒಂದು ವಿಶೇಷವನ್ನು ಇಲ್ಲಿ ನೆನೆಯಬೇಕು. ಆಗುಂಬೆಯ ಘಾಟಿಯ ಕೆಳಗಣ ದಕ್ಷಿಣ ಕನ್ನಡವು ಅಂದು ಮದರಾಸು ಆಧಿಪತ್ಯಕ್ಕೆ ಸೇರಿದ್ದರೆ, ಮೇಲಣ ಈ ತಾಲ್ಲೂಕುಗಳು ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಯವು. ಅದರಲ್ಲಿಯೂ ಶೃಂಗೇರಿಯು ಮಠದ ಜಹಗೀರು. ಎಡೆಹಳ್ಳಿಯೆಂಬ ಊರಾದರೋ 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಹೊತ್ತು ನರಸಿಂಹರಾಜಪುರವಾಯಿತು. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾಗುವವರೆಗೂ ಘಟ್ಟ ಹತ್ತಿದ, ಮೇಳದ ಮುಖ್ಯ ಹಾಡುಗಾರನಾದ ಭಾಗವತನು ಒಂದು ಸರಕಾರದಿಂದ ಇನ್ನೊಂದು ಸರಕಾರಕ್ಕೆ ಕಾಲಿಡುತ್ತಿದ್ದನಾದರೂ, ಅವನ ಪದಕ್ಕೆ ತಲೆದೂಗುವ ಜನ ಎರಡು ಕಡೆಯಲ್ಲಿಯೂ ಒಂದೇ ಆಗಿದ್ದರು.

ಕೇಳುವವರನ್ನು ಹಾಡಿನ ಬಳಿಗೆ ಕರೆಯುವುದು ಒಂದು ಕ್ರಮವಾದರೆ, ಹಾಡನ್ನೇ ಕೇಳುವವರ ಬಾಗಿಲಿಗೆ ಒಯ್ಯುವುದು ಇನ್ನೊಂದು. ದೀಪಾವಳಿಯ ಮೂರು ರಾತ್ರಿಗಳಲ್ಲಿ ಇಲ್ಲಿಯ ಹಳ್ಳಿಗರು ದೇವರ ಮುಂದೆ ಹೊತ್ತಿಸಿದ ದೀಪವನ್ನು ಆರದಂತೆ ಕಾಪಾಡಿಕೊಂಡು, ಮನೆಯಿಂದ ಮನೆಗೆ ನಡೆದು ಹಾಡುವ ಅಂಟಿಗೆ-ಪಂಟಿಗೆಯು ಈ ಬಗೆಯದು. ಮುಚ್ಚಿದ ಬಾಗಿಲ ಮುಂದೆ ನಿಂತು, ಬಾಗಿಲು ತೆರೆಯಿರೆಂದು ಹಾಡಿನಲ್ಲಿಯೇ ಬೇಡಿ, ತೆರೆದ ಮನೆಯವರು ದೀಪಕ್ಕೆ ಎಣ್ಣೆಯೆರೆದು ಅಕ್ಕಿಯನ್ನೋ ಕಾಸನ್ನೋ ಕೊಟ್ಟರೆ ಹರಸಿ ಮುಂದೆ ಹೋಗುವುದು ಪದ್ಧತಿ. ಮುಂದಾಳು ಹಾಡಿದ ಸಾಲನ್ನು ಹಿಂದಿನವರು ಕೂಡಿ ಎತ್ತಿಕೊಳ್ಳುವುದರಿಂದ, ಹೊಸದಾಗಿ ಸೇರಿದ ಹುಡುಗನ ದನಿ ಅಲ್ಲಲ್ಲಿ ಕುಂದಿದರೂ ಹಿರಿಯರ ದನಿಯು ಅದನ್ನು ಮುಚ್ಚಿಬಿಡುವುದು. ಮೂರನೆಯ ರಾತ್ರಿಯ ಹೊತ್ತಿಗೆ ಆ ಹುಡುಗನೇ ಒಂದೆರಡು ಸಾಲನ್ನು ಮುಂದಾಗಿ ಎತ್ತಿದರೆ ಯಾರೂ ಅದನ್ನು ಸಾಹಸವೆಂದು ಭಾವಿಸರು. ಹಾಡುವವನಿಗೆ ಧೈರ್ಯವೆಂಬುದು ಹೀಗೆ, ಯಾರ ಉಪದೇಶವೂ ಇಲ್ಲದೆ, ಕತ್ತಲೆಯಲ್ಲಿ ನಡೆದ ಹೆಜ್ಜೆಗಳ ನಡುವೆ ಬೆಳೆಯುವುದು.

ಇದೇ ತತ್ತ್ವವನ್ನು ಯಕ್ಷಗಾನದ ಮೇಳವು ಇನ್ನೂ ಕ್ರಮಬದ್ಧವಾಗಿ ಪಾಲಿಸಿತು. ಭಾಗವತನನ್ನು ಮೇಳದವರು ಒಂದನೆಯ ವೇಷವೆಂದು ಎಣಿಸುವರು. ಆದಕಾರಣವೇ ಕಿರೀಟ ಧರಿಸಿ ಮೆರೆಯುವ ನಾಯಕನಟನು ಕೂಡ ‘ಎರಡನೆಯ ವೇಷ’ವೆನಿಸಿಕೊಳ್ಳುವನು. ಇಂಥ ಹಿರಿಯ ಪೀಠಕ್ಕೆ ಏರಬೇಕಾದವನು ಮೊದಲು ‘ಸಂಗೀತಗಾರ’ನಾಗಿ ವರ್ಷಗಳನ್ನು ಕಳೆಯಬೇಕು. ರಾತ್ರಿಯ ಮೊದಲ ಜಾವದಲ್ಲಿ, ಚೌಕಿಯೆಂಬ ಬಣ್ಣದ ಮನೆಯಲ್ಲಿ ಗಣಪತಿಪೂಜೆ ಮುಗಿದು, ಕೋಡಂಗಿಗಳು ಕುಣಿದು, ಬಾಲಗೋಪಾಲರ ಮತ್ತು ಸ್ತ್ರೀವೇಷಗಳ ಪೂರ್ವರಂಗವು ಸಾಗುತ್ತಿರುವಾಗ ತಾಳ ಹಿಡಿದು ಹಾಡುವವನು ಇವನು. ಪ್ರಸಂಗವು ಬಲಿತು, ದೊಡ್ಡ ವೇಷಗಳ ಒಡ್ಡೋಲಗವಾಗುವ ಹೊತ್ತಿಗೆ ಪ್ರಧಾನ ಭಾಗವತನು ಬಂದು ಆ ಸ್ಥಾನದಲ್ಲಿ ಕೂಡುವನು. ಪ್ರಧಾನ ಮದ್ದಳೆಗಾರನ ಬದಲು ಮೊದಲ ಜಾವದಲ್ಲಿ ನುಡಿಸುವವನೂ ಒತ್ತು ಮದ್ದಳೆಗಾರನೇ. ಕುಣಿಯುವ ಕೋಡಂಗಿಗಳೂ ಆ ವರ್ಷ ಮೇಳ ಸೇರಿದ ಹುಡುಗರೇ. ಅಂದರೆ ಕಲಿಯುವವನು ಕಲಿಯುವವನಿಗೆ ಹಾಡಿ, ಕಲಿಯುವವನು ಅದಕ್ಕೆ ನುಡಿಸಿ, ಕಲಿಯುವವನೇ ಕುಣಿಯುವ ಒಂದು ಪಾಠಶಾಲೆಯು ಪ್ರತಿರಾತ್ರಿಯೂ ಜನರೆದುರಿಗೇ ನಡೆಯುತ್ತಿತ್ತು.

ಆ ಜಾವದ ಸಭೆಯ ಸ್ವಭಾವವನ್ನೂ ಗಮನಿಸಬೇಕು. ದೂರದ ಮನೆಗಳವರು ಇನ್ನೂ ದಾರಿಯಲ್ಲಿರುವರು. ಬಂದವರು ಚಾಪೆ ಹಾಸುತ್ತ, ನೆಂಟರನ್ನು ವಿಚಾರಿಸುತ್ತ, ಎಲೆಯಡಕೆಯ ಸಂಚಿಯನ್ನು ಬಿಚ್ಚುತ್ತಿರುವರು. ಮಕ್ಕಳು ಮಾತ್ರ ಕೋಡಂಗಿಗಳನ್ನು ನೋಡಿ ನಗುತ್ತಿರುವರು. ಇಂಥ ಅರೆಗಿವಿಯ ಸಭೆಯೆದುರು ತಾಳ ತಪ್ಪಿದರೆ ಅದು ಅಪರಾಧವಾಗದು. ಚೆನ್ನಾಗಿ ಹಾಡಿದರಾದರೋ, ಎಲೆಗೆ ಸುಣ್ಣ ಸವರುತ್ತಿದ್ದ ಮುದುಕನೊಬ್ಬನು ಕೈಯನ್ನು ತಡೆದು ತಲೆಯೆತ್ತದಿರನು. ಹೀಗೆ ತಾನಾಗಿಯೇ ಎತ್ತಿದ ಆ ಒಂದು ತಲೆಯು ಎಳೆಯ ಗಾಯಕನಿಗೆ ಕೊಡುವ ಧೈರ್ಯವನ್ನು ಸನ್ಮಾನದ ಶಾಲುಗಳು ಕೊಡಲಾರವು. ಧ್ವನಿವರ್ಧಕವಿಲ್ಲದ ಆ ದಿನಗಳಲ್ಲಿ, ಚೆಂಡೆಯ ಆರ್ಭಟವನ್ನು ಮೀರಿ, ಬಯಲಿನ ಕೊನೆಯ ಚಾಪೆಗೂ ಸಾಹಿತ್ಯವು ಸ್ಪಷ್ಟವಾಗುವಂತೆ ಏರುಶ್ರುತಿಯಲ್ಲಿ ಹಾಡಬೇಕಾಗಿದ್ದಿತು. ಮಾಗಿಯ ಇಬ್ಬನಿ ಸುರಿಯುವ ಮಲೆನಾಡಿನಲ್ಲಿ, ಮಾರನೆಯ ರಾತ್ರಿಗೂ ಕಂಠವನ್ನು ಉಳಿಸಿಕೊಂಡು, ಆರು ತಿಂಗಳ ಕಾಲ ಇದನ್ನು ನಡೆಸಬೇಕಾಗಿದ್ದಿತು. ಮೊದಲ ಜಾವದ ಹೊಣೆಯು ಹಗುರವಾಗಿದ್ದುದು ಈ ಭಾರವನ್ನು ಮುಂದೆ ಹೊರಲೆಂದೇ.

ಶೃಂಗೇರಿಯ ಶರನ್ನವರಾತ್ರಿಯ ಸಂಗೀತವು ಇದಕ್ಕಿಂತ ಭಿನ್ನವಾದ ಲೋಕ. ಅಲ್ಲಿಯ ಶಾರದೆಯ ಮೂಲಮೂರ್ತಿಯ ಕೈಯಲ್ಲಿ ಜಪಮಾಲೆ, ಪುಸ್ತಕ, ಅಮೃತಕಲಶಗಳುಂಟೇ ಹೊರತು ವೀಣೆಯಿಲ್ಲ. ಉತ್ಸವದ ಅಲಂಕಾರಗಳಲ್ಲೊಂದರಲ್ಲಿ ಮಾತ್ರ ಆಕೆ ವೀಣಾಶಾರದೆಯಾಗುವಳು. ಆ ಸನ್ನಿಧಿಯಲ್ಲಿ ಹಾಡುವ ವಿದ್ವಾಂಸನು ತನ್ನ ಹಾಡನ್ನು ಕಚೇರಿಯೆನ್ನದೆ ಸೇವೆಯೆಂದು ಕರೆಯುವನು. ಕೇಳುವವಳು ಶಾರದೆಯೆಂದು ತಿಳಿದ ಮೇಲೆ ಮುಂದೆ ಕುಳಿತವರು ನೂರೋ ಸಾವಿರವೋ ಎಂಬ ಎಣಿಕೆಯು ತಾನಾಗಿ ಬಿದ್ದುಹೋಗುವುದು. ಸಭಾಕಂಪಕ್ಕೆ ಇದೂ ಒಂದು ಹಳೆಯ ಔಷಧ.

ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಯಕ್ಷಗಾನದ ಮೇಳಗಳ ವ್ಯವಸ್ಥೆಯು ಬದಲಾಗತೊಡಗಿತು. ಟಿಕೀಟಿನ ಡೇರೆ ಮೇಳಗಳು ಹುಟ್ಟಿದುವು. ವೀಳ್ಯದ ನಿಶ್ಚಿಂತೆಯು ಹೋಗಿ, ಆ ರಾತ್ರಿಯ ವಸೂಲಿಯ ಮೇಲೆ ಮೇಳದ ಯಜಮಾನನ ಲಾಭನಷ್ಟಗಳು ನಿಂತುವು. ಬಣ್ಣದ ಕರಪತ್ರಗಳು ಬಂದುವು. ಧ್ವನಿವರ್ಧಕವನ್ನು ಕಟ್ಟಿಕೊಂಡ ವಾಹನವು ಸಂತೆಯ ದಿನ ಪೇಟೆಯಲ್ಲಿ ಪ್ರಸಂಗದ ಹೆಸರನ್ನೂ ಭಾಗವತನ ಹೆಸರನ್ನೂ ಕೂಗುತ್ತ ಸುತ್ತಿತು. ಇದರಿಂದ ಕೆಡುಕೇ ಆಯಿತೆಂದು ಹೇಳಲಾಗದು. 1958ರಲ್ಲಿ ಗುಂಡ್ಮಿಯಲ್ಲಿ ಹುಟ್ಟಿ, ನಾರ್ಣಪ್ಪ ಉಪ್ಪೂರರಲ್ಲಿ ಕಲಿತು, ಸಾಲಿಗ್ರಾಮ ಮೇಳದಲ್ಲಿ ಹಾಡಿದ ಕಾಳಿಂಗ ನಾವಡರ ಕಂಠಕ್ಕಾಗಿಯೇ ಜನರು ಟಿಕೀಟು ಕೊಂಡರು. 1990ರಲ್ಲಿ ಅವರು ಅಪಘಾತದಲ್ಲಿ ತೀರಿಕೊಂಡಾಗ ಅವರಿಗಿನ್ನೂ ಮೂವತ್ತೆರಡು ತುಂಬಿರಲಿಲ್ಲ. ವೇಷಧಾರಿಯ ಹೆಸರಿಗಿದ್ದ ಆಕರ್ಷಣೆಯನ್ನು ಭಾಗವತನ ಹೆಸರು ಪಡೆದದ್ದು ಪ್ರಚಾರದ ಈ ಹೊಸ ಯುಗದಲ್ಲಿಯೇ.

ಆದರೆ ನಷ್ಟವೊಂದು ಸದ್ದಿಲ್ಲದೆ ನಡೆಯಿತು. ಹೆಸರನ್ನು ಕೇಳಿ ಹಣ ತೆತ್ತು ಬಂದವನು ಆ ಹೆಸರಿನವನನ್ನೇ ಮೊದಲು ಕೇಳಬಯಸುವನು. ಅವನಿಗೆ ಕೋಡಂಗಿಯೂ ಬಾಲಗೋಪಾಲನೂ ಕಾಲಹರಣವೆನಿಸಿದರೆ ಅವನನ್ನು ದೂರುವಂತಿಲ್ಲ. ಪೂರ್ವರಂಗವು ಕುಗ್ಗಿತು. ತರುವಾಯ ನಡುರಾತ್ರಿಗೇ ಮುಗಿಯುವ ಕಾಲಮಿತಿಯ ಆಟಗಳು ಬಂದ ಮೇಲೆ ಅದು ಒಂದೆರಡು ಸ್ತುತಿಗಳ ಶಾಸ್ತ್ರವಾಗಿ ಉಳಿಯಿತು. ಹೊಸಬನಿಗೆ ಇಂದು ಶಿಬಿರಗಳುಂಟು, ಕೇಂದ್ರಗಳುಂಟು, ಪಠ್ಯವೂ ಪರೀಕ್ಷೆಯೂ ಉಂಟು. ಅವನ ಕೈಬಿಟ್ಟುಹೋದದ್ದು ತಪ್ಪು ಮಾಡಬಹುದಾಗಿದ್ದ ಆ ಒಂದು ಜಾವ.

ಹರಕೆಯ ಆಟವಿರುವ ಊರುಗಳಲ್ಲಿ ಮುಸ್ಸಂಜೆಯ ಕೇಳಿಯನ್ನು ಈಗಲೂ ಬಾರಿಸುವರು. ಸುದ್ದಿಯು ಮೂರು ದಿನ ಮೊದಲೇ ಎಲ್ಲರ ಮೊಬೈಲಿಗೆ ಬಂದಿರುವುದರಿಂದ ಅದನ್ನು ಕೇಳಿ ಹೊಸದಾಗಿ ತಿಳಿಯಬೇಕಾದುದೇನೂ ಇಲ್ಲ. ಆದರೂ ಅದು ತಪ್ಪದೆ ನಡೆಯುವಲ್ಲಿ, ಜನರು ಬಂದು ಕೂಡುವ ಮುನ್ನವೇ ಹೋಗಿ ಕುಳಿತು, ಆಗತಾನೇ ಹಾಸುತ್ತಿರುವ ಚಾಪೆಗಳನ್ನು ನೋಡುತ್ತ ಮೊದಲ ಪದವನ್ನು ಎತ್ತಿಕೊಳ್ಳುವ ಹುಡುಗನಿಗೆ ಅಷ್ಟರಮಟ್ಟಿಗೆ ಜಾಗವಿನ್ನೂ ಉಂಟು.