ಲೈಸನ್ಸ್ ಅಲ್ಲ, ಎಕ್ಸೆಂಪ್ಟ್!

ಒಮ್ಮೆ ಕೈಲ್‌ಪೊಳ್ದ್ ಹಬ್ಬಕ್ಕೆ ಹುದಿಕೇರಿಯ ಗೆಳೆಯನ ಮನೆಗೆ ಹೋಗಿದ್ದೆ. ತೋಕ್‌ಪೂ ಮುಡಿಸಿದ ಕೋವಿಗಳನ್ನು ಸಾಲಾಗಿ ಪೂಜೆಗಿಟ್ಟಿದ್ದರು. ಬಯಲುಸೀಮೆಯ ನಾನು ಸುಮ್ಮನಿರಲಾರದೆ, "ಅಜ್ಜಾ, ಇದಕ್ಕೆಲ್ಲ ಲೈಸನ್ಸ್ ಇದೆಯಾ?" ಅಂದೆ. ಗೆಳೆಯನ ಅಜ್ಜ ನಕ್ಕುಬಿಟ್ಟರು. "ಲೈಸನ್ಸ್ ಯಾಕೆ ಮಾರಾಯ? ನಾವು ಎಕ್ಸೆಂಪ್ಟ್!"

ಬೆಂಗಳೂರಿಗೆ ವಾಪಸಾದರೂ ಈ ಎರಡು ಪದ ತಲೆಯಿಂದ ಇಳಿಯಲಿಲ್ಲ. ಬ್ರಿಟಿಷ್ ಕಾಗುಣಿತದಲ್ಲಿ ಲೈಸನ್ಸ್ ನಾಮಪದವಾದರೆ ಕೊನೆಯಲ್ಲಿ 'ಸಿ' ಬರುತ್ತೆ, ಕ್ರಿಯಾಪದವಾದರೆ 'ಎಸ್'. (ಅಮೆರಿಕದವರಿಗೆ ಎರಡಕ್ಕೂ 'ಎಸ್', ನಮ್ಮ ಕೋಡ್ ಫೈಲುಗಳಲ್ಲೂ ಅದೇ :) ) ಅರ್ಥ ಸುಲಭ: ಕಾನೂನು ಬೇಡ ಅಂದಿದ್ದನ್ನು ನಿಮಗೆ ಮಾತ್ರ ಮಾಡಬಹುದು ಅನ್ನುವ ಅಪ್ಪಣೆ. ಎಕ್ಸೆಂಪ್ಟ್ ಹಾಗಲ್ಲ, ಆ ಕಾನೂನೇ ನಿಮಗೆ ತಾಗುವುದಿಲ್ಲ. ಅದು ಕ್ರಿಯಾಪದವೂ ಹೌದು, ಗುಣವಾಚಕವೂ ಹೌದು. ತಮಾಷೆ ಇರೋದು ಇಲ್ಲೇ.

1857ರ ದಂಗೆಯ ನಂತರ ಬ್ರಿಟಿಷರು ಜನರ ಆಯುಧ ಕಿತ್ತುಕೊಳ್ಳಲು ಹೊರಟರು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ (ಹೌದು, ಪಾರ್ಕಿನವರೇ) ಕೊಡವರನ್ನು ಅದರಿಂದ ಹೊರಗಿಟ್ಟರು. ದಂಗೆಯ ಕಾಲದ ನಿಷ್ಠೆಗೆ ಸಿಕ್ಕ ಬಹುಮಾನ ಅದು. ಸ್ವಾತಂತ್ರ್ಯ ಬಂತು, 1959ರಲ್ಲಿ ಹೊಸ ಆಯುಧ ಕಾಯ್ದೆಯೂ ಬಂತು. 1963ರ ಕೇಂದ್ರದ ಅಧಿಸೂಚನೆ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಮುಂದುವರಿಸಿತು. ಜಮ್ಮಾ ಹಿಡುವಳಿದಾರರಲ್ಲಿ ಕೊಡವರಲ್ಲದವರೂ ಇದ್ದಾರೆ, ಇದನ್ನು ಹೊರಗಿನವರು ಮರೆತೇಬಿಡುತ್ತಾರೆ.

ಅಜ್ಜನ ಬಾಯಲ್ಲಿ ಎಕ್ಸೆಂಪ್ಟ್ ಗುಣವಾಚಕ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು ಗುಂಡು ಹಾರಿಸುವ ಊರಿನಲ್ಲಿ ಕೋವಿ ಅಂದರೆ ಮನೆಯ ಒಬ್ಬ ಸದಸ್ಯ. ಯಾವ ಸರ್ಕಾರ ಇದನ್ನು ಕೊಟ್ಟಿದ್ದು ಅಂತ ಕೇಳಿದರೆ ಅವರಿಗೆ ಪ್ರಶ್ನೆಯೇ ಅರ್ಥವಾಗಲಿಕ್ಕಿಲ್ಲ. ದೆಹಲಿಗೆ ಮಾತ್ರ ಅದು ಕ್ರಿಯಾಪದ. ಕ್ರಿಯಾಪದಕ್ಕೆ ಕರ್ತೃ ಬೇಕು, ಕಾಲವೂ ಬೇಕು. 2019ರಲ್ಲಿ ಗೃಹ ಸಚಿವಾಲಯ ವಿನಾಯಿತಿಯನ್ನು ಮುಂದುವರಿಸಿದಾಗ 2029ರವರೆಗೆ ಅಂತ ಗಡುವು ಹಾಕಿತು. ಇದು ಸಮಾನತೆಗೆ ವಿರುದ್ಧ ಅಂತ ಹೈಕೋರ್ಟಿಗೆ ಹೋದ ಅರ್ಜಿ 2021ರ ಸೆಪ್ಟೆಂಬರಿನಲ್ಲಿ ವಜಾ ಆಯಿತು.

ಕನ್ನಡಕ್ಕೆ ತರುವಾಗ ನಾನು ಸೋತೆ. ಲೈಸನ್ಸ್‌ಗೆ ಪರವಾನಗಿ ಇದೆ. (ಅದೂ ಪಾರ್ಸಿಯಿಂದ ಬಂದದ್ದು.) ಆದರೆ ಎಕ್ಸೆಂಪ್ಟ್‌ಗೆ? 'ವಿನಾಯಿತಿ ಪಡೆದವರು' ಅಂದ ಕೂಡಲೇ ಯಾರೋ ಕೊಟ್ಟವರು ಹಿಂದೆ ಬಂದು ನಿಲ್ಲುತ್ತಾರೆ. ಅಜ್ಜ ಹೇಳಿದ್ದು ಅದನ್ನಲ್ಲ. ನಿಮಗೆ ಯಾರಿಗಾದರೂ ಒಳ್ಳೆಯ ಪದ ಹೊಳೆದರೆ ತಿಳಿಸಿ, ಮುಂದಿನ ಸಲ ಹುದಿಕೇರಿಗೆ ಹೋದಾಗ ಅವರಿಗೆ ಒಪ್ಪಿಸುತ್ತೇನೆ.